ಹಳದಿ ಮುಚ್ಚಳ

ನೆಬ್ರಾಸ್ಕದ ಈ ಕೌಂಟಿ ಷೆಡ್ಡಿಗೆ
ಮಾರ್ಚಿನಲ್ಲಿ ಹದಿನಾಲ್ಕು ಹೊಸ ಕಾರು ಬಂದವು.
ಟ್ಯಾಂಕಿನ ಬಾಯಿಗೆ ಹಳದಿ ಮುಚ್ಚಳ:
ಎಥನಾಲೂ ಕುಡಿಯಬಲ್ಲವು ಎಂಬ ಗುರುತು.

ಖರೀದಿ ಕಡತದಲ್ಲಿರುವುದು ನನ್ನದೇ ಕೈಬರಹ.
ಕಾನೂನು ಕೇಳಿದ್ದು ಕೊಂಡಿರಾ ಎಂದಷ್ಟೆ.
ಕೊಂಡೆವು.
ಏನು ಕುಡಿಸಿದಿರಿ ಎಂಬುದಕ್ಕೆ
ಫಾರಮ್ಮಿನಲ್ಲಿ ಕಾಲಮ್ಮೇ ಇಲ್ಲ.

ಎಥನಾಲ್ ಪಂಪಿರುವುದು ತೊಂಬತ್ತು ಮೈಲಿಯಾಚೆ.
ತುಂಬಿಸಿಕೊಂಡು ವಾಪಸು ಬರುವಷ್ಟರಲ್ಲಿ
ಮೂರರಲ್ಲೊಂದು ಪಾಲು ದಾರಿಗೇ ಹೋಯಿತು ಎಂದು
ಮೆಕ್ಯಾನಿಕ್ ವ್ಲಾಸ್ತಾ
ಬಾನೆಟ್ಟಿನ ಧೂಳಿನ ಮೇಲೆ
ಗ್ರೀಸಿನ ಬೆರಳಲ್ಲಿ ಲೆಕ್ಕ ಬರೆದಳು.
ಹಾಗಾಗಿ, ಪೆಟ್ರೋಲೇ.

ಷೆಡ್ಡಿನ ಬೇಲಿಗೆ ತಾಗಿ ಮೆಕ್ಕೆಜೋಳ,
ಆಳೆತ್ತರ, ಕಣ್ಣು ಹಾಯುವಷ್ಟೂ.
ರಾತ್ರಿ ಎರಡಕ್ಕೆ ಗೂಡ್ಸು ರೈಲು
ಇದರದೇ ಸಾರಾಯಿ ತುಂಬಿಕೊಂಡು
ನಿಲ್ಲದೆ ದಾಟುತ್ತದೆ;
ಅಂಗಳದ ಹದಿನಾಲ್ಕೂ ಕಾರುಗಳ ಗಾಜು
ಸಣ್ಣಗೆ ನಡುಗುತ್ತದೆ.

ಸೆಪ್ಟೆಂಬರಿನಲ್ಲಿ ರಾಜಧಾನಿಯವರು ಬಂದು ಎಣಿಸಿದರು.
ಹದಿನಾಲ್ಕು. ಭೇಷ್ ಎಂದರು.
ಗೋಡೆಗೊಂದು ಪ್ರಶಸ್ತಿಪತ್ರ;
ಮೊಳೆ ಹೊಡೆದವಳೂ ವ್ಲಾಸ್ತಾಳೇ.

ನಿನ್ನೆ ಒಂದು ಮುಚ್ಚಳ ಕಳೆದುಹೋಯಿತು.
ಗುಜರಿ ಡಬ್ಬದಲ್ಲಿ ಸಿಕ್ಕಿದ್ದು ಕರಿಯದು.
ತಿರುಗಿಸಿ ಹಾಕಿದಳು.
ಕಾರಿಗೇನೂ ಗೊತ್ತಾಗಲಿಲ್ಲ.
ನಾನು ಮಾತ್ರ ಕಡತ ತೆಗೆದು
ಹದಿಮೂರು ಎಂದು ತಿದ್ದಿ,
ಸ್ವಲ್ಪ ಹೊತ್ತು ಕೂತು,
ಮತ್ತೆ ಹದಿನಾಲ್ಕು ಮಾಡಿದೆ.