ಬ್ರಹ್ಮನ ಹಣೆಬರಹ

ಔರಿಶ್ ಊರಾಚೆ, ಜರ್ಮನಿ ಮುಗಿದು ಕೆಸರು ಶುರುವಾಗುವ ಮೂಲೆ.
ಉತ್ತರ ಸಮುದ್ರದ ಗಾಳಿ ನೇರ ಬಂದು
ತಗಡಿಗೆ ಹಣೆ ಚಚ್ಚಿಕೊಳ್ಳುವ, ಕುದುರೆ ಸವಾರಿ ಕಲಿಸುವ ಶೆಡ್ಡು.
ನವೆಂಬರ್ ಶನಿವಾರ, ಏಳೂವರೆ, ಇನ್ನೂ ಕತ್ತಲು.
ಮುನ್ನೂರ ಹನ್ನೆರಡು ಪಂಜರ;
ಒಂದು ಕೂಗಿದರೆ ಮುನ್ನೂರ ಹನ್ನೊಂದು ಉತ್ತರ.

ತಳಿಯ ಹೆಸರು ಬ್ರಹ್ಮ.
ನಾಲ್ಕು ತಲೆಯಿಲ್ಲ, ತಾವರೆಯಿಲ್ಲ.
ಎಂದೋ ಹಡಗು ಹತ್ತಿದ ಒಂದು ನದಿಯ ಹೆಸರು
ಬಾಯಿಂದ ಬಾಯಿಗೆ ಸವೆದು ಸವೆದು
ಪುತ್ರ ಕಳಚಿಬಿದ್ದು
ಅಪ್ಪ ಮಾತ್ರ ಉಳಿದ.

ಈ ಬ್ರಹ್ಮನ ಹಣೆಬರಹ ಬರೆಯುವವಳು ವ್ಯೂಬ್ಕೆ.
ಹದಿನಾರು ತುಂಬಿಲ್ಲ. ಕಿವಿಗೆ ಸಿಕ್ಕಿಸಿದ ಪೆನ್ಸಿಲು.
ತೀರ್ಪುಗಾರ ಫೋಕನ್ ಹೇಳಿದ್ದನ್ನು ಹೇಳಿದಂತೆ
ಚೀಟಿಗಿಳಿಸಬೇಕು, ತನ್ನದೊಂದು ಅಕ್ಷರ ಸೇರಿಸುವಂತಿಲ್ಲ.

ಗುಂಡಿ ಕಿತ್ತ ಬಿಳಿ ಕೋಟು ಅವನದು;
ಕೋಳಿಯ ಜೊತೆ ಮಾತೋ ಇವಳ ಜೊತೆಗೋ ತಿಳಿಯದು:
"ಬೆನ್ನು ಅಗಲ. ಎರಡು ಕಪ್ಪು ಚಹಾ ಇಟ್ಟರೂ ತುಳುಕದು,
ಅದನ್ನ ಬರೀಬೇಡ, ಅಗಲ ಅಂತಷ್ಟೇ ಬರಿ.
ಜುಟ್ಟು ಬಟಾಣಿ, ಮೂರು ಸಾಲು, ನಡುವಿನದು ಎತ್ತರ.
ಹುಬ್ಬಿನೆಲುಬು ಚಾಚಿ ಕಣ್ಣಿಗೆ ಸೂರು ಹಾಕಿದೆ,
ಅದಕ್ಕೇ ಈ ಸಿಡುಕು ಮೋರೆ. ಸ್ವಭಾವ ಬೆಣ್ಣೆ.
ಕತ್ತಿನ ಕಪ್ಪು ಗರಿಗೆ ಬಿಳಿಯ ಅಂಚು, ಎಲ್ಲೂ ಒಡೆದಿಲ್ಲ."

ಮೂವತ್ತೆಂಟನೆಯದನ್ನು ಎತ್ತಿದ, ತೂಗಿದ, ತುಟಿ ಸೊಟ್ಟ ಮಾಡಿದ.
"ಹಗುರ. ದೋಷ."

ಹಗುರ, ಎಂದು ಬರೆದಳು. ಮತ್ತೊಮ್ಮೆ ಓದಿದಳು.
ಈಜುಕೊಳದ ತಕ್ಕಡಿ, ದರ್ಜಿಯ ಟೇಪು,
ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಬಿಟ್ಟು ನಿಲ್ಲುವ ಹುಡುಗಿಯರು.
ಇವಳೆಲ್ಲ ವರ್ಷಗಳಲ್ಲಿ ಮೊದಲ ಸಲ
ಆ ಪದ ಕುಂದುಕೊರತೆಯ ಕಾಲಮ್ಮಿನಲ್ಲಿ ಕೂತಿತ್ತು.
ಕೆಳಗೊಂದು ಗೆರೆ ಎಳೆದಳು.
ಅದಕ್ಕೆ ಅಪ್ಪಣೆಯಿರಲಿಲ್ಲ.

ನಲವತ್ತೊಂದು.
ನಂಬರು ಮಾತ್ರ, ಸಾಕಿದವರ ಹೆಸರಿಲ್ಲ.
ಆದರೂ ಗೊತ್ತು: ಸೋದರಮಾವ ತ್ಯಾರ್ಕ್‌ನ ಹೇಂಟೆ.
ನಿನ್ನೆ ರಾತ್ರಿ ಬಚ್ಚಲ ತೊಟ್ಟಿಯಲ್ಲಿ ಮಗುವಿನ ಶಾಂಪೂ ಹಾಕಿ,
ವಿನೆಗರ್ ಬೆರೆಸಿದ ನೀರಲ್ಲಿ ಜಾಲಿಸಿ,
ಟವೆಲು ಸುತ್ತಿ ಹೇರ್‌ಡ್ರೈಯರ್ ಹಿಡಿದರೆ
ಮೂರೂಮುಕ್ಕಾಲು ಕಿಲೋ ಮಡಿಲಲ್ಲೇ ನಿದ್ದೆಹೋಯಿತು.
ಜುಟ್ಟಿಗೆ ವ್ಯಾಸಲಿನ್. ಕಾಲ್ಬೆರಳಿಗೆ ಹಲ್ಲುಜ್ಜುವ ಬ್ರಶ್ಶು.
ಆಗ ಕಂಡಿತ್ತು, ಎಡಗಾಲಿನ ನಡುಬೆರಳು:
ಗರಿ ಮುರಿದ ಜಾಗ,
ಬೆಂಕಿಕಡ್ಡಿಯ ತಲೆಯಷ್ಟು.
ಮಾವನಿಗೂ ಹೇಳಿರಲಿಲ್ಲ.

ಫೋಕನ್ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡ.
ಎದೆ ತುಂಬು. ಬಾಲ ಸರಿ. ಕಣ್ಣು ಕಿತ್ತಳೆ. ಕಾಲು ಹಳದಿ.
ಪೆನ್ಸಿಲು ಓಡಿತು.
ಕೊನೆಗೆ ಪಾದ ಎತ್ತಿದ. ಬಲ. ಎಡ.
ಬೆರಳ ಸಂದಿಗೆ ಟಾರ್ಚು ಬಿಟ್ಟ.
ಗಾಳಿ ಕೂಡ ತಗಡು ಬಡಿಯುವುದ ಮರೆತಂತೆ—
ಇಲ್ಲ, ಬಡಿಯುತ್ತಲೇ ಇತ್ತು.

"ನಡುಬೆರಳ ಗರಿ ವಿರಳ. ತೊಂಬತ್ನಾಲ್ಕು."

ತೊಂಬತ್ತೇಳಕ್ಕೆ ಪಟ್ಟಿ, ಫೋಟೋ.
ತೊಂಬತ್ನಾಲ್ಕಕ್ಕೆ ಕೈಕುಲುಕು.
ಪೆನ್ಸಿಲಿನ ಮೊನೆ ಒಂದು ಗಳಿಗೆ ಏಳರ ಕಡೆ ವಾಲಿತು.
ನಾಲ್ಕು ಬರೆದಳು.

ಅವನು ಬಾಗಿಲು ಮುಚ್ಚಲಿಲ್ಲ.
ಎದೆಗರಿಯೊಳಗೆ ಮಣಿಕಟ್ಟಿನವರೆಗೂ ಕೈ ಇಳಿಸಿ
ಚಳಿಗಾಲಕ್ಕೆ ಮನೆ ಹುಡುಕಿದವನಂತೆ ನಿಂತ.
"ನಾನು ಸಣ್ಣವನಿದ್ದಾಗ ಇಂಥದೊಂದಿತ್ತು.
ಬಾತಿನ ಮೊಟ್ಟೆಗೆ ಕಾವು ಕೂತು,
ಮರಿ ನೀರಿಗಿಳಿದಾಗ ದಡದಲ್ಲಿ ದಿನವಿಡೀ ಬೈಯುತ್ತಿತ್ತು.
ಬೆರಳೆಲ್ಲ ಬೋಳು.
ಇದನ್ನ ಬರೀಬೇಡ."

ಬರೆಯಲಿಲ್ಲ.

ನಲವತ್ತೆರಡರ ಮುಂದೆ ನಿಂತಾಗ ಹಿಂದಿನಿಂದ ಗದ್ದಲ.
ಮರದ ಹೊಟ್ಟಿನ ಮೇಲೆ ಕಂದು ಮೊಟ್ಟೆ, ಹೊಗೆಯಾಡುವ ಹಾಗೆ ಬಿಸಿ;
ಪಕ್ಕದಲ್ಲಿ ಸಿಡುಕು ಮೋರೆಯ ಬ್ರಹ್ಮ,
ಸೃಷ್ಟಿ ತನ್ನದಲ್ಲವೆಂಬಂತೆ.

ಚೀಟಿಯನ್ನು ತಿರುವಿ ನೋಡಿದಳು.
ಮೊಟ್ಟೆಗೆ ಅದರಲ್ಲಿ ಜಾಗವಿರಲಿಲ್ಲ.
ಜಾಕೆಟ್ಟಿನ ಜೇಬಿಗಿಳಿಸಿದಳು; ಸೊಂಟದ ಹತ್ತಿರ
ಒಂದಿಷ್ಟು ಭಾರ, ಬೆಚ್ಚಗೆ.

"ಬೆನ್ನು," ಎಂದ ಫೋಕನ್. "ಬರಿ."