ಗಿಣ್ಣಿನ ಕೆಳಗೆ ಅರ್ಧ ಬೆರಳು

ಗ್ಲಾಡಿಸ್‌ಬಾಯಿ ಊರಿಗೆ ಹೊರಟಾಗ
ಒಂದು ಕುಕ್ಕರು, ಒಂದು ಇಸ್ತ್ರಿಪೆಟ್ಟಿಗೆ,
ನಿಡೋ ಡಬ್ಬಿಯ ತಳಕ್ಕೆ ಮೊಳೆ ಹೊಡೆದು ನೆಟ್ಟ ಈ ಮನಿ ಪ್ಲಾಂಟು,
ಮೂರನ್ನೂ ನನ್ನ ಮಂಚದ ಬಳಿಗೆ ತಳ್ಳಿ ಹೇಳಿದ್ದರು:
‘ನಲ್ಲಿಯಿಂದ ಸೀದಾ ಹಾಕಬೇಡ ಮಾರಾಯ್ತಿ,
ಬೇರು ಬೆಂದೀತು.’

ಜುಲೈ. ಶಾರ್ಜಾದ ರೋಲಾ. ತಾರಸಿಯ ಟ್ಯಾಂಕಿನಲ್ಲಿ
ತಣ್ಣೀರೆಂದರೆ ನಲ್ಲಿಯ ಮೇಲಿನ ನೀಲಿ ಚುಕ್ಕೆ, ಅಷ್ಟೆ.
ಗೀಸರಿನ ಸ್ವಿಚ್ಚು ಆರಿಸಿ
ಅದರ ಹೊಟ್ಟೆಯಲ್ಲಿ ಆರಿದ್ದನ್ನೇ ಮೀಯುವವರು ನಾವು.
ಬಳ್ಳಿಗೆ ಒಂದು ಚೆಂಬು ಹಿಂದಿನ ರಾತ್ರಿಯೇ ತುಂಬಿಡುತ್ತೇನೆ,
ಬೆಳಿಗ್ಗೆ, ಮಗುವಿನ ಹಾಲಿಗೆ ನೋಡುವಂತೆ,
ಮಣಿಕಟ್ಟಿಗೆ ಒಂದು ಹನಿ.

ನನ್ನದು ಕಿಟಕಿಯಿಲ್ಲದ ಅರ್ಧ.
ನಡುವೆ ಪ್ಲೈವುಡ್ಡು, ಸೂರು ಮುಟ್ಟಲು ಒಂದು ಗೇಣು ಬಾಕಿ.
ಅಲ್ಲಿಂದ ಏಸಿಯ ಗಾಳಿ ಅತ್ತ,
ಅತ್ತಲಿನ ಬೆಳಕು ಸ್ವಲ್ಪ ಇತ್ತ.

ಪ್ಲೈವುಡ್ಡು ಬರುವ ಮೊದಲು ಎಲೆಗೆಲ್ಲ ಬಿಳಿ ಇತ್ತಂತೆ,
ದೋಸೆಹಿಟ್ಟಿನ ಕೈ ಕೊಡವಿದ ಹಾಗೆ.
ನನ್ನ ಟ್ಯೂಬ್‌ಲೈಟಿನಲ್ಲಿ ಬಿಚ್ಚಿದ ಎಲೆಗಳು ಪೂರಾ ಹಸಿರು.
ಬಿಳಿ ಭಾಗ ದುಡಿಯುವುದಿಲ್ಲ ನೋಡಿ,
ಬೆಳಕು ಸಾಲದಾದರೆ ಗಿಡ ಮೊದಲು ಅದನ್ನೇ ಬಿಡುತ್ತದೆ.
ಟೈಪಿಂಗ್ ಸೆಂಟರಿನಲ್ಲಿ ದಿನಕ್ಕೆ ನಲವತ್ತು ವೀಸಾ ಅರ್ಜಿ,
‘ಅವಲಂಬಿತರು’ ಎಂಬಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.
ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹಬ್ಬಲೆಂದು ದಾರ ಕಟ್ಟಿದೆ. ಅದಕ್ಕೆ ನನ್ನ ದಾರ ಬೇಡ.
ಪ್ಲೈವುಡ್ಡು ಏರಿ, ಆ ಗೇಣಿನಲ್ಲಿ ತಲೆ ತೂರಿಸಿ
ಆಚೆ ಇಳಿಯಿತು.
ನೀರು ನನ್ನದು,
ಸಂಸಾರ ಅಲ್ಲಿ.

ಆಚೆ ಅಲ್ಮಾಜ್, ಬೇಕರಿಯ ರಾತ್ರಿ ಪಾಳಿ.
ನಾನು ಏಳುವಾಗ ಅವಳು ಮಲಗುತ್ತಾಳೆ.
ಆರು ತಿಂಗಳಲ್ಲಿ ನಾವಾಡಿದ ಮಾತೆಂದರೆ
ಕೆಮ್ಮು, ಅಲಾರಂ, ಬ್ರೆಡ್ಡಿನ ವಾಸನೆ.
ಒಮ್ಮೆ ಅವಳು ಫೋನಿನಲ್ಲಿ ಅತ್ತಾಗ
ನಾನು ದೀಪದ ಸ್ವಿಚ್ಚನ್ನು ಸುಮ್ಮನೆ
ಎರಡು ಸಲ ಹಾಕಿ ಆರಿಸಿದ್ದು.

ಮೊನ್ನೆ ಮುನಿಸಿಪಾಲಿಟಿಯವರು ಬಂದರು.
ಗುರುವಾರದೊಳಗೆ ಖಾಲಿ, ಗೋಡೆ ಈಗಲೇ.
ಬಡಗಿ ಮೊಳೆ ಕೀಳುವ ಹೊತ್ತಿಗೆ
ನಾನಿತ್ತ ಮಂಚ ಹತ್ತಿದೆ, ಅವಳತ್ತ ಸ್ಟೂಲು ಹತ್ತಿದಳು,
ಇಬ್ಬರೂ ಬಳ್ಳಿ ಎತ್ತಿ ಹಿಡಿದೆವು,
ಹಲಗೆ ಕೆಳಗಿನಿಂದ ಜಾರಿ ಹೋಯಿತು.
ಗೋಡೆ ಇಲ್ಲದಲ್ಲೂ ಬಳ್ಳಿ
ಗೋಡೆಯ ಅಂಚಿಗೆ ಬಾಗಿದಂತೆಯೇ ಇತ್ತು.
ಅದರ ಕೆಳಗೆ ಅವಳ ಮುಖ,
ಹುಬ್ಬಿಗೆ ಅಂಟಿದ ಮೈದಾ.

ಅವಳ ಪಾಲಿನ ಎಲೆಗಳಿಗೆ ಬಿಳಿ ಮರಳಿತ್ತು.
ಒಂದರ ಮೇಲೂ ಧೂಳಿಲ್ಲ.
ಈ ಊರಲ್ಲಿ ಎಲೆ ತಾನಾಗಿ ಹೊಳೆಯುವುದಿಲ್ಲ,
ಯಾರೋ ಒರೆಸಿರಬೇಕು, ಒಂದೊಂದನ್ನೇ,
ಪಾಳಿ ಮುಗಿಸಿ ಬಂದು.

ಒಂದು ತುಂಡು ಕೊಡುತ್ತೀಯಾ, ಎಂದಳು.
ಮುರುಕು ಅರಬಿಯಲ್ಲಿ ಹೇಳಿದೆ:
ಗಿಣ್ಣಿನ ಕೆಳಗೆ ಅರ್ಧ ಬೆರಳು ಬಿಟ್ಟು ಕತ್ತರಿಸಬೇಕು,
ಬೇರು ಹೊರಡುವುದು ಅಲ್ಲಿಂದ.
ಇನ್ನೊಂದು: ಇದನ್ನು ಕೊಟ್ಟರೆ ಬಾಡುತ್ತದಂತೆ,
ಕದ್ದರೆ ಮಾತ್ರ ಏಳಿಗೆ.
‘ಕದಿಯುವುದು’ ಎಂಬುದಕ್ಕೆ ಪದ ಸಿಗದೆ
ನನ್ನದೇ ಪರ್ಸು ಎತ್ತಿ ಓಡುವಂತೆ ನಟಿಸಿದೆ.
ಅವಳು ನಕ್ಕಳು. ಬಾಗಿಲಲ್ಲಿದ್ದ ಬಡಗಿಯೂ.

ಕತ್ತರಿ ಇಟ್ಟು ಅತ್ತ ತಿರುಗಿ ನಿಂತು
ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚಿದೆ, ಬೇಕಿಲ್ಲದ ಕಡೆಗೂ.
ಕಚಕ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಕಚಕ್.

ತಿರುಗಿದರೆ
ಬಿಳಿ ಬೆರೆತ ಕುಡಿಗಳೆಲ್ಲ ನನ್ನ ಡಬ್ಬಿಯಲ್ಲಿ, ಆಗಲೇ ನೆಟ್ಟು ಒತ್ತಿದ ಮಣ್ಣು.
ಅವಳ ಚೀಲದಿಂದ ಇಣುಕುತ್ತಿದ್ದದ್ದು
ನನ್ನ ಕಡೆಯ, ಬರೀ ಹಸಿರು ತುಂಡು.

‘ನನ್ನ ಹೊಸ ರೂಮಿಗೆ ಕಿಟಕಿ ಇಲ್ಲ,’ ಅಂದಳು,
‘ನನಗೆ ಇದೇ ಆಗುತ್ತೆ.’