ನಡುಗೆರೆ

ಸುಣ್ಣದ ಪುಡಿಗೆ ಗೊತ್ತಿಲ್ಲ ತಾನು ಯಾತಕ್ಕೆ ಬಿದ್ದೆ ಅಂತ.
ನನಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ
ಮಂಡ್ಯದ ಈ ಕಾಲೇಜು ಮೈದಾನಕ್ಕೆ ಗೆರೆ ಎಳೆಯೋನು ನಾನೇ,
ದಾರ ಕಟ್ಟಿ, ಬಗ್ಗಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ.

ಹೋದ ಬೇಸಗೆಯಲ್ಲಿ ಸಂತೆಯನ್ನು ಇಲ್ಲಿಗೆ ಎತ್ತಿ ಹಾಕಿದರು.
ಕೋರ್ಟಿನ ಮೇಲೇ ಬದನೆ, ಕೋಸು, ಸೊಪ್ಪಿನ ರಾಶಿ.
ಆರಡಿಗೊಂದು ಸೊನ್ನೆ ಬರಿ ಹೊಂಬಯ್ಯ, ಅಂದರು.
ಬರೆದೆ. ಸೊನ್ನೆಯೊಳಗೆ ಜನ
ಮೊಟ್ಟೆಯೊಳಗಿನ ಮರಿ ಹಾಗೆ ಮುದುಡಿ ನಿಂತರು.

ಇನ್ನೊಂದು ಮೂಟೆ ಬೇರೆ ಕಡೆಗೆ ಹೋಯಿತು,
ನಾಲೆ ಆಚೆಗೆ. ಅಲ್ಲಿ ಗೆರೆ ಬೇಕಿರಲಿಲ್ಲ.
ಸುಮ್ಮನೆ ಚೆಲ್ಲಿ ಬಂದೆ.

ಈಗ ಸುತ್ತೋಲೆ ಬಂದಿದೆ: ವಲಯ ಮಟ್ಟದ ಕಬಡ್ಡಿ, ಹೆಣ್ಣುಮಕ್ಕಳದು.
ಪಾಲಕರು ಸಹಿ ಹಾಕಬೇಕಾದ ಒಂದು ಹಾಳೆ.
ಮಾಸ್ಕ್ ಧರಿಸಿ ಆಡತಕ್ಕದ್ದು ಅಂತ ಮೊದಲ ಸಾಲು,
ಏನಾದರೂ ಆದರೆ ಕಾಲೇಜು ಹೊಣೆಯಲ್ಲ ಅಂತ ಕೊನೆ ಸಾಲು.
ದಮ್ಮು ಕೇಳಿಸಬೇಕಲ್ಲ ಸ್ವಾಮಿ,
ಬಟ್ಟೆಯೊಳಗಿನ ಉಸಿರಿಗೆ ಯಾವ ಅಂಪೈರು ಸಾಕ್ಷಿ?

ಮುಟ್ಟಿದರೇ ಅಂಕ. ತಬ್ಬಿದರೇ ಉಳಿವು.
ಇದೊಂದು ಆಟಕ್ಕೆ ದೂರ ನಿಲ್ಲೋದು ಬರಲ್ಲ.

ನಿಸರ್ಗ ಹೇಳ್ತಾಳೆ, ಶೂ ದಾರ ಬಿಗೀತಾ:
"ನಮ್ಮವ್ವ ಗಾರ್ಮೆಂಟ್ಸಲ್ಲಿ ಮುನ್ನೂರು ಜನರ ನಡುವೆ ಕೂರ್ತಳೆ.
ಕೀಲಾರದ ಬಸ್ಸಲ್ಲಿ ನಾನು ಬಾಗಿಲಿಗೆ ನೇತಾಡ್ಕಂಡು ಬತ್ತೀನಿ.
ಅಲ್ಲೆಲ್ಲ ಬರದಿರೋದು, ಅಣ್ಣ, ಈ ಹನ್ನೆರಡು ಮೀಟರಲ್ಲೇ ಬತ್ತದಾ?
ಇದು ಕೊನೇ ವರ್ಷ. ಸರ್ಟಿಫಿಕೇಟಿಲ್ದೆ
ಪೊಲೀಸ್ ಸೆಲೆಕ್ಷನ್ನಿಗೆ ಯಾವ ಮಖ ಹೊತ್ಕಂಡು ಹೋಗ್ಲಿ?"

ನನ್ನಲ್ಲಿ ಉತ್ತರವಿಲ್ಲ.
ಇದ್ದರೆ ಫರ್ಹತ್ ಹತ್ತಿರ ಇದೆ; ಅವಳು ಹೇಳಲ್ಲ.
ಹೋದ ವರ್ಷ ಒಂದೇ ದಮ್ಮಿಗೆ
ಮೂವರನ್ನು ಎಳಕೊಂಡು ಬಂದ ಹುಡುಗಿ.
ಆಸ್ಪತ್ರೆಯಿಂದ ಬಂದ ಮೇಲೆ ಕಬಡ್ಡಿ ಎಂಟು ಸಲ ಬರುತ್ತೆ,
ಒಂಬತ್ತನೇದು 'ಕಬ'ದಲ್ಲೇ ನಿಂತುಬಿಡುತ್ತೆ.
ಈಗ ಸ್ಕೋರು ಬರೀತಾಳೆ. ಅಕ್ಷರ ದುಂಡಗಿದೆ.

ಈ ಆಟದಲ್ಲಿ ಔಟಾಗಿ ಹೊರಗೆ ಕೂತವಳು
ಎದುರಿನವಳು ಒಬ್ಬಳು ಬಿದ್ದರೆ ಎದ್ದು ಒಳಗೆ ಬರಬಹುದು.
ಜೀವ ಬಂತು! ಅಂತ ಕೂಗ್ತಾರೆ ಹುಡುಗೀರು.
ನಾಲೆ ಆಚೆ ಚೆಲ್ಲಿ ಬಂದ ದಿನದಿಂದ
ಆ ಕೂಗು ನೆನೆದರೆ ನನ್ನ ಗೆರೆ ಸೊಟ್ಟಗಾಗುತ್ತೆ.

ಬೆಳಗಿನ ಆರೂವರೆ. ರಸ್ತೆಯಲ್ಲಿ ಕಬ್ಬಿನ ಲಾರಿ.
ಅಂಚು ಎಳೆದೆ. ಲಾಬಿ ಎಳೆದೆ. ಬಾಕ್‌ಲೈನು, ಬೋನಸ್ಸು.
ನಡುಗೆರೆಗೆ ಬಂದಾಗ ಬಾಣಲಿ ಬೋರಲು ಹಾಕಿ
"ಸುಣ್ಣ ಮುಗೀತು ಸಾ" ಅಂದೆ.
ಮೇಷ್ಟ್ರು ಗಡಿಯಾರ ನೋಡಿದರು. ನಿಸರ್ಗ ನನ್ನನ್ನು ನೋಡಿದಳು,
ಹಲ್ಲು ಕಚ್ಚಿ. ನಾಳೆ ಎಳೀಲೇಬೇಕು, ನನಗೂ ಗೊತ್ತು.
ಇವತ್ತೊಂದು ದಿನ.

ಅರ್ಧ ಮೂಟೆ ಇತ್ತು, ಕಟ್ಟೆ ಪಕ್ಕದಲ್ಲಿ.
ಅದರ ಮೇಲೇ ಕೂತಿದ್ದ ಫರ್ಹತ್
ಏಳಲಿಲ್ಲ. ದುಪಟ್ಟಾ ಇಳಿಬಿಟ್ಟು ಮುಚ್ಚಿ
ಹೊಸ ಹಾಳೆ ತಿರುವಿ ತಾರೀಕು ಬರೆದಳು.